ಆಡದೇ ಗೆದ್ದವರ ಮೈದಾನಕ್ಕೆ ಹೋಗಿಬಂದೆವು

ಸಿರುಗುಪ್ಪದಿಂದ ಹೊರಟಾಗ ಬೆಳಗಿನ ಚಳಿ ಇನ್ನೂ ಬಿಟ್ಟಿರಲಿಲ್ಲ. ಮದುವೆ ದಿಬ್ಬಣಕ್ಕೆ ಓಡಿಸುವ ಹಳೆಯ ಮಿನಿ ಬಸ್ಸು ಅದು. ಕೊರೋನಾ ಬಂದ ಮೇಲೆ ದಿಬ್ಬಣಗಳಿಲ್ಲದೆ ಮನೆ ಮುಂದೆ ನಿಂತು ಧೂಳು ತಿನ್ನುತ್ತಿತ್ತು. ಚಾಲಕ ಖಾಜಾಸಾಬ ಅದನ್ನು ತೊಳೆದು ತಂದಿದ್ದ. ಒಳಗೆ ನಮ್ಮ ಕಾಲೇಜಿನ ಹಾಕಿ ತಂಡದ ಹುಡುಗಿಯರು, ಸೀಟುಗಳ ಕೆಳಗೆ ಸ್ಟಿಕ್ಕುಗಳು, ಮುಂದಿನ ಸೀಟಿನಲ್ಲಿ ಅವರ ಪಿ.ಟಿ. ಮೇಡಂ ಆದ ನಾನು. ಬಳ್ಳಾರಿ ಐವತ್ತು ಚಿಲ್ಲರೆ ಕಿಲೋಮೀಟರು. ಹೊರಡುವ ಮೊದಲೇ ನನ್ನ ತಲೆ ಕೆಟ್ಟಿತ್ತು, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಅಂತರ ಕಾಲೇಜು ಹಾಕಿ ಪಂದ್ಯಾವಳಿ ಶುರುವಾದದ್ದು ಲಾಕ್‌ಡೌನಿಗೆ ಮುಂಚೆ. ಆಗ ನಮ್ಮ ಹುಡುಗಿಯರು ಆತಿಥೇಯ ಕಾಲೇಜನ್ನು, ಅಂದರೆ ಬಳ್ಳಾರಿಯ ತಂಡವನ್ನು, ಅವರದೇ ಮೈದಾನದಲ್ಲಿ ಸೋಲಿಸಿ ಬಂದಿದ್ದರು. ಆಮೇಲೆ ಎಲ್ಲವೂ ನಿಂತಿತು. ಎರಡನೇ ಅಲೆ ಇಳಿದ ಮೇಲೆ ಪಂದ್ಯಾವಳಿಯ ಸಮಿತಿಯವರು ಹೊಸ ವೇಳಾಪಟ್ಟಿ ಹಾಕಿದರು. ಹುಡುಗರ ಹಳೆಯ ಫಲಿತಾಂಶಗಳು ಹಾಗೇ ಉಳಿದವು, ಬಾಕಿ ಪಂದ್ಯಗಳಿಗೆ ನಡುನಡುವೆ ವಿಶ್ರಾಂತಿ ಕೊಟ್ಟು ಇಡೀ ವಾರ ಹಂಚಿದರು. ಹುಡುಗಿಯರದ್ದು ಮಾತ್ರ ಅಳಿಸಿಹಾಕಿ ಒಂದೇ ದಿನಕ್ಕೆ ತಂದರು. ರೋಗದ ಹೆದರಿಕೆಯಿಂದ ಉಳಿದ ಕಾಲೇಜುಗಳು ಹಿಂದೆ ಸರಿದು ಮೂರೇ ತಂಡ ಉಳಿದಿದ್ದವು. ಬೆಳಿಗ್ಗೆ ನಾವು ಮತ್ತು ಕುರುಗೋಡಿನವರು ಆಡಬೇಕು. ಗೆದ್ದವರು ಅದೇ ಸಂಜೆ, ಅದೇ ದಣಿದ ಕಾಲಲ್ಲಿ, ಬಳ್ಳಾರಿಯವರ ಜೊತೆ ಫೈನಲ್ ಆಡಬೇಕು. ನಾವು ಸೋಲಿಸಿದ್ದವರು ಆತಿಥೇಯರೆಂಬ ಕಾರಣಕ್ಕೆ ನೇರ ಫೈನಲ್ಲಿನಲ್ಲಿ ಕಾಲು ಚಾಚಿ ಕೂತಿದ್ದರು.

ಫೋನಿನಲ್ಲಿ ಕೇಳಿದ್ದಕ್ಕೆ ಸಮಿತಿಯ ಕಾರ್ಯದರ್ಶಿ ನಕ್ಕಿದ್ದ. "ಹುಡುಗೇರ ಮ್ಯಾಚಲ್ರಿ ಮೇಡಂ, ಒಂದ್ ದಿನದಾಗ ಮುಗೀತಾವ" ಅಂದಿದ್ದ. ಆ ನಗು ಇನ್ನೂ ಕಿವಿಯಲ್ಲಿತ್ತು.

ನನ್ನ ಹಿಂದಿನ ಸೀಟಿನಲ್ಲಿ ನಾಯಕಿ ಹುಲಿಗೆಮ್ಮ ಕೂತಿದ್ದಳು. ಕರೂರಿನ ಹುಡುಗಿ, ಕೊನೆಯ ವರ್ಷ. ತಂದೆತಾಯಿ ಕೂಲಿ ಮಾಡುವವರು. ಲಾಕ್‌ಡೌನಿನಲ್ಲಿ ಇವಳೂ ಭತ್ತದ ನಾಟಿಗೆ ಹೋದಳು. ಕಾಲೇಜಿನ ಮೈದಾನಕ್ಕೆ ಬೀಗ ಬಿದ್ದಿದ್ದರಿಂದ ರೈಸ್ ಮಿಲ್ಲಿನ ಮುಂದೆ ಭತ್ತ ಒಣಹಾಕುವ ಸಿಮೆಂಟಿನ ಕಣದಲ್ಲಿ, ಮಾಲೀಕರನ್ನು ಕಾಡಿಬೇಡಿ, ಗೆಳತಿಯರನ್ನು ಕಟ್ಟಿಕೊಂಡು ಅಭ್ಯಾಸ ಮಾಡಿದಳು. ಅವಳಿಗೆ ಬೇಕಿದ್ದದ್ದು ಕಪ್ಪಲ್ಲ. ವಲಯ ತಂಡದ ಆಯ್ಕೆ ಅವತ್ತೇ ಇತ್ತು. ಅವತ್ತು ಮೈದಾನದಲ್ಲಿ ಆಡಿದವರನ್ನು ನೋಡಿ ಆರಿಸುತ್ತೇವೆ ಎಂದು ಸಮಿತಿ ಹೇಳಿತ್ತು. ವಲಯ ತಂಡದಲ್ಲಿ ಆಡಿದವಳಿಗೆ ಕ್ರೀಡಾ ಕೋಟಾದಲ್ಲಿ, ಪಿ.ಟಿ. ಟೀಚರಾಗಲು ಬೇಕಾದ ಬಿ.ಪಿ.ಎಡ್. ಸೀಟು ಸಿಗುವ ದಾರಿಯಿತ್ತು. ಇಲ್ಲದಿದ್ದರೆ ಮತ್ತೆ ಗದ್ದೆಯೇ. ಮುಂದಿನ ವರ್ಷ ಅನ್ನುವುದು ಅವಳ ಪಾಲಿಗೆ ಇರಲಿಲ್ಲ.

ತೆಕ್ಕಲಕೋಟೆಯಲ್ಲಿ ಮಂಡಕ್ಕಿ ಒಗ್ಗರಣಿ, ಮಿರ್ಚಿ ತಿಂದೆವು. ಮಿರ್ಚಿ ಬಾಣಲೆಯಿಂದ ಆಗಷ್ಟೇ ಎದ್ದು ಬಂದು ನಾಲಿಗೆ ಸುಡುತ್ತಿತ್ತು. ಮುಂದೆ ರಸ್ತೆಯ ಅರ್ಧ ಭಾಗದಲ್ಲಿ ಭತ್ತ ಒಣಹಾಕಿದ್ದರು, ಖಾಜಾಸಾಬ ಇನ್ನರ್ಧದಲ್ಲಿ ಗೊಣಗುತ್ತ ಗಾಡಿ ಓಡಿಸಿದ. ಸಿರಿಗೇರಿ ಕ್ರಾಸ್ ಹತ್ತಿರ ಕುರುಗೋಡಿನ ಪಿ.ಟಿ. ಮೇಡಂ ಫೋನ್ ಮಾಡಿದರು. ಅವರ ಬಸ್ಸು ರದ್ದಾಗಿತ್ತು. ತಂಡದ ಇಬ್ಬರಿಗೆ ಪಾಸಿಟಿವ್ ಬಂದು ವಾರದಿಂದ ಮನೆಯಲ್ಲಿದ್ದರು. ಉಳಿದ ಒಂಬತ್ತು ಹುಡುಗಿಯರು ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದರು.

"ಅವರು ಬರ್ಲಿಲ್ಲಂದ್ರ ನೀವ ಗೆದ್ದಂಗಲ್ರಿ ಮೇಡಂ?" ಅಂದ ಖಾಜಾಸಾಬ. "ಸೀದಾ ಫೈನಲ್ಲು. ಗಾಡಿ ಬಳ್ಳಾರಿಗೇ ಬಿಡ್ಲೇನು?"

ಅವನ ಲೆಕ್ಕ ಸರಿಯಾಗೇ ಇತ್ತು. ಹುಲಿಗೆಮ್ಮ ನನ್ನ ಸೀಟಿನ ಮೇಲೆ ಬಗ್ಗಿ ಹೇಳಿದಳು: "ಸೀಟು ಖಾಲಿ ಇಟಕೊಂಡು ಹೆಂಗ್ ಹೋಗಾಕ ಬರ್ತದರಿ? ಕರಕೊಂಡು ಹೋಗೂನು. ಅಲ್ಲೇ ಸೋಲಸ್ತೀವಿ ಅವರ್ನ."

ಗಾಡಿ ಕುರುಗೋಡಿಗೆ ತಿರುಗಿತು. ನಮ್ಮ ಕಡೆ ಖಾಲಿ ಗಾಡಿಯಲ್ಲಿ ಹೋಗುವವರು ದಾರಿಯಲ್ಲಿ ನಿಂತವರನ್ನು ಬಿಟ್ಟು ಹೋಗುವುದಿಲ್ಲ. ಜಗಳವಾಡಿದ ಅಣ್ಣತಮ್ಮಂದಿರೂ ಒಂದೇ ಟ್ರ್ಯಾಕ್ಟರಿನಲ್ಲಿ ಸಂತೆಗೆ ಹೋಗುತ್ತಾರೆ. ಆ ಅಭ್ಯಾಸವೇ ನಮಗೆ ಮುಳುವಾಗುತ್ತದೆಂದು ಯಾರು ಕಂಡಿದ್ದರು?

ಕುರುಗೋಡಿನ ಬೆಟ್ಟದ ಬಂಡೆಗಳಿಗೆ ಬಿಸಿಲು ಬಿದ್ದಿತ್ತು. ಅವರ ನಾಯಕಿ ದೊಡ್ಡಬಸಮ್ಮ ಕುದಿಸಿದ ಶೇಂಗಾದ ಚೀಲ ಹಿಡಿದು ಹತ್ತಿದಳು. ಅವರ ಮೇಡಂ ಕೊನೆಗೆ ಹತ್ತಿದರು. ಎಲ್ಲರೂ ಮಾಸ್ಕ್ ಹಾಕಿದ್ದರು, ಎಲ್ಲರ ಪರೀಕ್ಷೆಯೂ ನೆಗೆಟಿವ್ ಬಂದಿತ್ತು.

"ನಾವು ಒಂಬತ್ತ ಮಂದಿ ಅದೀವಕ್ಕಾ" ಅಂದಳು ದೊಡ್ಡಬಸಮ್ಮ.

"ಹಂಗಾದ್ರ ನಾವೂ ಒಂಬತ್ತ" ಅಂದಳು ಹುಲಿಗೆಮ್ಮ. ಹೊರಗೆ ಕೂರಬೇಕಾದ ನಮ್ಮವರಿಬ್ಬರು ಮುಖ ಊದಿಸಿಕೊಂಡರು. ಕೋಳೂರು ದಾಟುವಷ್ಟರಲ್ಲಿ ಎರಡೂ ತಂಡಗಳು ಒಬ್ಬರನ್ನೊಬ್ಬರು ಛೇಡಿಸುತ್ತ ಗಾಡಿಯನ್ನು ಮತ್ತೆ ದಿಬ್ಬಣದ ಗಾಡಿಯೇ ಮಾಡಿದ್ದವು.

ಬಳ್ಳಾರಿ ಮುಟ್ಟಿದಾಗ ಬಿಸಿಲು ಏರಿತ್ತು. ಮೈದಾನದ ಗೇಟಿನಲ್ಲಿ ಹಣೆಗೆ ಯಂತ್ರ ಹಿಡಿದು ಜ್ವರ ನೋಡಿದರು. ಯಾರಿಗೂ ಇರಲಿಲ್ಲ. ಶಾಮಿಯಾನದ ಕೆಳಗಿದ್ದ ಕಾರ್ಯದರ್ಶಿ ದೊಡ್ಡಬಸಮ್ಮನನ್ನು ಕೇಳಿದ: "ಬಸ್ ಇಲ್ಲಂತಿದ್ರು, ಹೆಂಗ್ ಬಂದ್ರವ್ವಾ?"

"ಸಿರುಗುಪ್ಪದಾರು ಕರಕೊಂಡು ಬಂದ್ರು ಸರ್" ಅಂದಳು ಅವಳು ಖುಷಿಯಿಂದ. "ನಮ್ಮಾರಿಬ್ಬರಿಗೆ ಪಾಸಿಟಿವ್ ಬಂದು ಮನ್ಯಾಗ ಅದಾರ. ಒಂಬತ್ತ ಮಂದಿನ ಆಡ್ತೀವಿ."

ಅವನ ಮುಖ ಬದಲಾಯಿತು. ಪಕ್ಕದವರ ಜೊತೆ ಪಿಸುಗುಟ್ಟಿ ಎದ್ದು ಬಂದ. ಕುರುಗೋಡಿನವರು ಸೋಂಕಿತರ ಸಂಪರ್ಕದವರು, ಅವರ ಜೊತೆ ಒಂದೇ ಗಾಡಿಯಲ್ಲಿ ಬಂದದ್ದರಿಂದ ನೀವೂ ಸಂಪರ್ಕದವರು, ಎರಡೂ ತಂಡ ಆಡುವಂತಿಲ್ಲ ಅಂದ.

"ಮೊನ್ನಿ ಪರೀಕ್ಷಾ ಮಾಡಿಸೀವಿ. ಎಲ್ಲಾರದೂ ನೆಗೆಟಿವ್ ಐತಲ್ರಿ" ಅಂದೆ.

"ಅದು ಮೊನ್ನಿದಾತಲ್ರಿ ಮೇಡಂ. ನಿಯಮ ಅಂದ್ರ ನಿಯಮ."

ಅವನ ಬೆನ್ನ ಹಿಂದೆಯೇ ಹುಡುಗರ ಪಂದ್ಯ ನಡೆಯುತ್ತಿತ್ತು. ಆ ಹುಡುಗರು ನಾಲ್ಕು ಊರುಗಳಿಂದ ಬಂದು ಒಂದೇ ಹಾಸ್ಟೆಲಿನ ಒಂದೇ ಹಾಲಿನಲ್ಲಿ ಹಾಸಿಗೆಗೆ ಹಾಸಿಗೆ ಹಚ್ಚಿ ಮಲಗಿದ್ದರು. ಗೋಲು ಬಿದ್ದಾಗ ಒಬ್ಬರ ಮೇಲೊಬ್ಬರು ಬಿದ್ದು ಅಪ್ಪಿಕೊಳ್ಳುತ್ತಿದ್ದರು. ಅವರಲ್ಲೂ ಒಬ್ಬನಿಗೆ ಪಾಸಿಟಿವ್ ಬಂದು ಮನೆಗೆ ಕಳಿಸಿದ್ದು ಇಡೀ ಮೈದಾನಕ್ಕೆ ಗೊತ್ತಿತ್ತು. ಬೆರಳು ಮಾಡಿ ತೋರಿಸಿದೆ. "ಅದು ಬ್ಯಾರೆ ಐತ್ರಿ" ಅಂದ. ಏನು ಬೇರೆ? ಆ ರೋಗಕ್ಕೆ ಹುಡುಗ, ಹುಡುಗಿ ಅಂತ ಕಣ್ಣಿತ್ತೇ? ನಾನು ಕೂಗಾಡಿದೆ. ಕುರುಗೋಡಿನ ಮೇಡಂ ನನಗಿಂತ ಜೋರಾಗಿ ಕೂಗಾಡಿದರು. ನಾಳೆ ಆಡಿಸಿ ಅಂದರೆ ನಾಳೆ ಹುಡುಗರ ಸೆಮಿಫೈನಲ್ ಅಂದ. ದೂರ ದೂರ ನಿಲ್ಲಿಸಿ ಹುಲಿಗೆಮ್ಮನ ಆಟವನ್ನಷ್ಟಾದರೂ ಆಯ್ಕೆಗಾರರು ನೋಡಲಿ ಅಂದರೆ ನೀರಿನ ಬಾಟಲಿ ತೆರೆದು ಕುಡಿದ.

ಬಳ್ಳಾರಿ ತಂಡ ಚೆಂಡು ಮುಟ್ಟದೆ ಚಾಂಪಿಯನ್ ಆಯಿತು. ಆ ಹುಡುಗಿಯರ ಮೇಲೆ ನನಗೆ ಸಿಟ್ಟಿಲ್ಲ. ಅವರಲ್ಲೊಬ್ಬಳು ಗೇಟಿನವರೆಗೆ ಓಡಿ ಬಂದು, "ಅಕ್ಕಾ, ನಮಗೂ ಆಡಬೇಕಿತ್ತು" ಎಂದು ಹುಲಿಗೆಮ್ಮನಿಗೆ ಹೇಳಿ ತಲೆ ತಗ್ಗಿಸಿ ಹೋದಳು. ಸಮಿತಿಯ ಗಂಡಸರು ಮಾತ್ರ ಕಪ್ಪಿನ ಪಕ್ಕ ಮಾಸ್ಕ್ ತೆಗೆದು, ಹೆಗಲಿಗೆ ಹೆಗಲು ತಾಗಿಸಿ ಫೋಟೋಕ್ಕೆ ನಿಂತರು.

ಹಿಂದಿರುಗುವಾಗ ಬಸ್ಸಿನಲ್ಲಿ ದೊಡ್ಡಬಸಮ್ಮ ತಾನು ಬಾಯಿಬಿಟ್ಟದ್ದೇ ತಪ್ಪಾಯಿತೆಂದು ಅಳುತ್ತಿದ್ದಳು. "ಲೇ, ಖರೇ ಹೇಳಿದ್ದಕ್ಕ ಅಳ್ತಾರೇನ?" ಎಂದು ಹುಲಿಗೆಮ್ಮ ಗದರಿದಳು. ಕುರುಗೋಡು ಬಂದಾಗ ಶಾಲೆಯ ಬಯಲು ಕಂಡಿತು. "ಮೇಡಂ, ಸೀಟಿ ಐತಲ್ರಿ? ಆಡಿಬಿಡ್ತೀವಿ" ಅಂದಳು ಹುಲಿಗೆಮ್ಮ.

ಒಂಬತ್ತಕ್ಕೆ ಒಂಬತ್ತು ಮಂದಿ ಆಡಿದರು. ಗೋಲ್‌ಪೋಸ್ಟಿಗೆ ಚೀಲಗಳನ್ನಿಟ್ಟೆವು. ಕಲ್ಲು, ಮಣ್ಣು ಲೆಕ್ಕಿಸದೆ ಹುಲಿಗೆಮ್ಮ ಆಡಿದ ಆಟವನ್ನು ಆ ಆಯ್ಕೆಗಾರರು ನೋಡಿದ್ದರೆ ಬಾಯಿ ಕಟ್ಟುತ್ತಿತ್ತು. ನಾವು ಗೆದ್ದೆವು. ಇಲ್ಲಿಗೇ ನಿಲ್ಲಿಸಿದರೆ ಚೆಂದದ ಕಥೆಯಾಗುತ್ತದೆ, ಓದಿದವರು ಕಣ್ಣೊರೆಸಿಕೊಂಡು ಹುಡುಗಿಯರನ್ನು ಹೊಗಳುತ್ತಾರೆ. ನನಗೆ ಆ ಚೆಂದ ಬೇಡ. ಆಟ ಮುಗಿಯುವ ಹೊತ್ತಿಗೆ ನನ್ನ ಮೊಬೈಲಿಗೆ ವಲಯ ತಂಡದ ಹೆಸರುಗಳು ಬಂದಿದ್ದವು. ಅಷ್ಟೂ ಹೆಸರು ಅವತ್ತು ಆಡದೇ ಗೆದ್ದವರದ್ದು. ಹುಲಿಗೆಮ್ಮ ಮೊಬೈಲ್ ಇಸಿದುಕೊಂಡು ಓದಿ ವಾಪಸು ಕೊಟ್ಟಳು.

ಕರೂರಿನ ಬಸ್ಸು ತಪ್ಪಿದ್ದರಿಂದ ನಾವೇ ಅವಳನ್ನು ಊರಿಗೆ ಬಿಡಲು ಹೋದೆವು. ಹೊತ್ತು ಮುಳುಗುತ್ತಿತ್ತು. ಅವಳ ತಾಯಿ ಗದ್ದೆಯಿಂದ ಬಂದವಳು ಕಾಲೂ ತೊಳೆಯದೆ ಅಂಗಳದಲ್ಲಿ ಕಾಯುತ್ತಿದ್ದಳು.

"ಗೆದ್ರೇನವ್ವಾ?"

"ಇಲ್ಲಬೇ."

"ಸೋತ್ರೇನು?"

"ಇಲ್ಲಬೇ" ಅಂದಳು. ದಿನವಿಡೀ ಗಟ್ಟಿಯಾಗಿದ್ದ ಹುಡುಗಿ ಅಲ್ಲಿಯೇ ಕುಸಿದು ಅತ್ತಳು.

ತಾಯಿ ಮಗಳ ತಲೆಯ ಮೇಲೆ ಕೈಯಿಟ್ಟು ನನ್ನ ಕಡೆ ನೋಡಿದಳು. "ಸೋತು ಬಂದಿದ್ರ ಬಿಡ ಅಂತ ಹೇಳಿ ಉಣ್ಣಾಕ ಹಾಕ್ತಿದ್ದೆ ಮೇಡಮ್ಮ. ಇದಕ್ಕ ಏನಂತ ಹೇಳ್ಲಿ ನನ್ ಮಗಳಿಗಿ?"