ಓಗುನ್‌ನನ್ನು ದುರ್ಗಕ್ಕೆ ಕರೆತಂದ ಮೇಡಂ

ಮೇಡಂ ಅವರ ಬಲಗೈಯ ಮೇಲೆ ಸಾಸಿವೆ ಚೆಲ್ಲಿದ ಹಾಗೆ ಸಣ್ಣ ಸಣ್ಣ ಸುಟ್ಟ ಕಲೆಗಳಿದ್ದವು. ಬೋರ್ಡಿನ ಮೇಲೆ ಬರೆಯಲು ಕೈಯೆತ್ತಿದಾಗ ಕಾಣುತ್ತಿದ್ದವು. ಚಿತ್ರದುರ್ಗದಲ್ಲಿ ಅವರ ಅಬ್ಬಾ ವೆಲ್ಡಿಂಗ್ ಅಂಗಡಿ ಇಟ್ಟಿದ್ದರು. ಚಿಕ್ಕಂದಿನಲ್ಲಿ ಇವರು ಅಲ್ಲೇ ಕೂತು ಓದುತ್ತಿದ್ದರಂತೆ. "ಕಿಡಿ ಹಾರಿದ್ರೆ ಪುಸ್ತಕಕ್ಕೆ ಕೈ ಅಡ್ಡ ಇಡ್ತಿದ್ದೆ" ಎಂದು ನಗುತ್ತಿದ್ದರು.

ಅದೇ ಊರಿನ ಕಾಲೇಜಿನಲ್ಲಿ, ಎಂ.ಎ.ಯಲ್ಲಿ, ಅವರು ನಮಗೆ ಆಫ್ರಿಕಾದ ನಾಟಕ ಕಲಿಸಿದರು. ನಾಟಕಕ್ಕೆ ಮೊದಲು ದೇವರ ಕಥೆ ಹೇಳುವುದು ಅವರ ರೂಢಿ. "ಬುಡ ಬಿಟ್ಟು ಕೊಂಬೆ ಹಿಡ್ಕಂಡು ಜೋತಾಡ್ಬ್ಯಾಡ್ರಿ" ಎನ್ನುತ್ತಿದ್ದರು. ಇಂಗ್ಲಿಷ್ ಕಲಿತು, ಪರದೇಶದ ರಂಗಭೂಮಿ ನೋಡಿಬಂದ ನೈಜೀರಿಯಾದ ನಾಟಕಕಾರರು, ಹೊಸ ನಾಟಕ ಕಟ್ಟಲು ತಮ್ಮ ಯೊರುಬಾ ಜನಾಂಗದ ಅಜ್ಜಿಯರ ದೇವರುಗಳ ಬಳಿಗೇ ಮರಳಿದ್ದನ್ನು ಅವರು ಸ್ವಂತ ಓಣಿಯ ಸುದ್ದಿಯಂತೆ ಹೇಳುತ್ತಿದ್ದರು.

ಆ ವರ್ಷ ಹಿರಿಯೂರಿನ ಹತ್ತಿರ ಹೈವೇಯಲ್ಲಿ ನನ್ನಪ್ಪ ಓಡಿಸುತ್ತಿದ್ದ ಲಾರಿ ಪಲ್ಟಿಯಾಯಿತು. ಅಪ್ಪ ಉಳಿಯಲಿಲ್ಲ. ತಿಥಿ ಮುಗಿದ ಮೇಲೆ ಟಿ.ಸಿ. ಕೇಳಲು ಕಾಲೇಜಿಗೆ ಹೋದೆ. ಓದು ಬೇಡವಾಗಿತ್ತು, ಯಾರೊಡನೆ ಮಾತಾಡುವುದೂ ಬೇಡವಾಗಿತ್ತು.

"ನಾಳೆ ಕೊಡಿಸ್ತೀನಿ. ಹೆಂಗೂ ಬಂದಿದೀಯ, ಇವತ್ತು ಕ್ಲಾಸಿಗೆ ಕುಂತ್ಕ" ಎಂದರು ಮೇಡಂ.

ಅಂದಿನ ಪಾಠ ಕಬ್ಬಿಣದ ದೇವರಾದ ಓಗುನ್ ಬಗ್ಗೆ. ದೇವರುಗಳಿಗೂ ಮನುಷ್ಯರಿಗೂ ನಡುವೆ ದಾಟಲಾಗದ ಕತ್ತಲ ಕಂದಕವೊಂದು ಬೆಳೆದಿತ್ತಂತೆ. "ಮನುಷ್ಯರ್ನ ಬಿಟ್ಟು ದೇವ್ರಿಗೂ ಇರಕ್ಕಾಗ್ಲಿಲ್ಲ" ಎಂದರು. ಓಗುನ್ ಕಬ್ಬಿಣದ ಆಯುಧ ಮಾಡಿಕೊಂಡು ಮೊದಲು ತಾನೇ ಆ ಕತ್ತಲಿಗಿಳಿದ. ಮೈಯೆಲ್ಲ ಹರಿದುಹೋಗುವಂಥ ನೋವು ತಿಂದು ದಾರಿ ಕಡಿದ. ಉಳಿದ ದೇವರುಗಳು ಅವನ ಹಿಂದೆ ಬಂದರು. ನಟನೂ ಹಾಗೆಯೇ, ನಮ್ಮ ಪರವಾಗಿ ಆ ಕಂದಕಕ್ಕಿಳಿಯುವವನು. ಅಲ್ಲಿನ ದುರಂತ ನಾಟಕ ನಿಂತಿರುವುದು ಈ ನಂಬಿಕೆಯ ಮೇಲೆ ಎಂದು ವಿವರಿಸಿದರು. "ದಾರಿಗಳಿಗೂ ಅವನೇ ದೇವ್ರು. ಅಲ್ಲಿ ಎಷ್ಟೋ ಡ್ರೈವರ್‌ಗಳು ಈಗ್ಲೂ ಅವನ್ನ ನೆನೆಸ್ಕಂಡೇ ಗಾಡಿ ಹತ್ತೋದು."

ನಾನು ಎದ್ದು ನಿಂತುಬಿಟ್ಟೆ. "ಹಂಗಾರೆ ನಮ್ಮಪ್ಪನ್ನ ಯಾಕೆ ಉಳಿಸ್ಲಿಲ್ಲ ಮೇಡಂ?"

ಮೇಡಂ ಸಮಾಧಾನದ ಮಾತಾಡಲಿಲ್ಲ. ಪುಸ್ತಕ ಮುಚ್ಚಿಟ್ಟು, ನನ್ನನ್ನೇ ನೋಡುತ್ತ ಹೇಳಿದರು: "ನಂಗೆ ಗೊತ್ತಿಲ್ಲಮ್ಮ. ಅವನ್ನೇ ಕೇಳು. ನಾಟಕ ಇರೋದೇ ಅದಕ್ಕೆ."

ನಮ್ಮ ಕ್ಲಾಸಿನವರು ಸೇರಿ ಕಟ್ಟಿದ ನಾಟಕ ಹುಟ್ಟಿದ್ದು ಹೀಗೆ. ಲಾರಿ ಡ್ರೈವರನ ಮಗಳು ನಡುರಸ್ತೆಯಲ್ಲಿ ಓಗುನ್‌ನನ್ನು ತಡೆದು ಜವಾಬು ಕೇಳುತ್ತಾಳೆ. ಆ ಮಗಳು ನಾನೇ. ಸಂಜೆ ಚಂದ್ರವಳ್ಳಿಯ ಬಂಡೆಗಳ ನಡುವೆ ತಾಲೀಮು. ನನ್ನ ದನಿ ಅರ್ಧಕ್ಕೇ ಒಡೆದುಹೋಗುತ್ತಿತ್ತು. ಮೇಡಂ ಬಂಡೆಯ ಮೇಲೆ ಕೂತು ಕಾಯುತ್ತಿದ್ದರು. "ಅವಸರ ಮಾಡ್ಬ್ಯಾಡ. ದೇವ್ರು ಎಲ್ಲೂ ಓಡಿಹೋಗಲ್ಲ."

ಆದರೆ ಓಗುನ್ ಏನು ಉತ್ತರ ಕೊಡಬೇಕು? ನಮಗಾರಿಗೂ ತೋಚಲಿಲ್ಲ. ಆಗ ಮೇಡಂ ಕಥೆಯ ಉಳಿದ ಭಾಗ ಹೇಳಿದರು. ಒಂದು ಯುದ್ಧದಲ್ಲಿ, ಹೆಂಡದ ಮತ್ತಿನಲ್ಲಿ, ಓಗುನ್ ತನ್ನವರನ್ನೇ ಕಡಿದುಹಾಕಿದ್ದನಂತೆ. ಅಮಲು ಇಳಿದ ಮೇಲೆ ಕೊರಗಿದ್ದನಂತೆ. ನಮ್ಮ ಓಗುನ್ ಉತ್ತರ ಹೇಳುವುದೇ ಬೇಡ, ಕತ್ತಿ ಕೆಳಗಿಟ್ಟು ಮಗಳೆದುರು ಕೂರಲಿ ಎಂದು ತೀರ್ಮಾನವಾಯಿತು.

ನಾಟಕ ನೋಡಲು ಅಮ್ಮ ಹಿರಿಯೂರಿನಿಂದ ಬಸ್ಸಿನಲ್ಲಿ ಬಂದಳು. ನಾನು ಕೇಳಬೇಕಾದ್ದನ್ನು ಕೇಳಿದೆ, ದನಿ ಒಡೆಯಲಿಲ್ಲ. ಓಗುನ್ ಪಾತ್ರ ಮಾಡಿದ್ದ, ಮತ್ತೋಡು ಎಂಬ ಊರಿನ ಹುಡುಗ ಕತ್ತಿಯಿಟ್ಟು ಕುಸಿದು ಕೂತ. ನಿಜಕ್ಕೂ ಅಳುತ್ತಿದ್ದ.

ನಾಟಕ ಮುಗಿದದ್ದೇ ಅಮ್ಮ ನೇರ ಅವನ ಬಳಿ ನಡೆದಳು. ಎಲ್ಲಿ ಬೈಯುತ್ತಾಳೋ ಎಂದು ನನಗೆ ಭಯ.

"ಏನಪ್ಪ, ಉಂಡಿದೀಯಾ?" ಎಂದಳು. ನನಗೆಂದು ತಂದಿದ್ದ ಬುತ್ತಿ ಬಿಚ್ಚಿ ರೊಟ್ಟಿಯನ್ನು ಅವನ ಕೈಗಿಟ್ಟಳು. ದೂರದಲ್ಲಿದ್ದ ಮೇಡಂ ದುಪಟ್ಟಾದಿಂದ ಮುಖ ಒತ್ತಿಕೊಂಡರು.

ನಾನು ಓದು ಮುಗಿಸಿದೆ. ಈಗ ಹೊಸದುರ್ಗದ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ. ಕಳೆದ ಬೇಸಿಗೆಯಲ್ಲಿ ಮೇಡಂ ತೀರಿಕೊಂಡರೆಂಬ ಸುದ್ದಿ ಬಂತು. ನಾನು ದುರ್ಗ ಮುಟ್ಟುವಷ್ಟರಲ್ಲಿ ಮಣ್ಣು ಮುಗಿದಿತ್ತು. ಒಳಮನೆಯಲ್ಲಿ ಹೆಂಗಸರು ಚಾಪೆಯ ಮೇಲೆ ಕೂತಿದ್ದರು.

"ನೀವು ಯಾರಮ್ಮ?" ಎಂದು ಅವರ ತಂಗಿ ಕೇಳಿದರು.

"ಮೇಡಂ ನಂಗೆ ಪಾಠ ಮಾಡಿದ್ರು" ಎಂದೆ. ಅಷ್ಟು ಹೇಳಿದರೆ ಏನೂ ಹೇಳಿದಂತಾಗಲಿಲ್ಲ ಅನ್ನಿಸಿತು. ಅವರು ಮತ್ತೇನೂ ಕೇಳದೆ ಸ್ವಲ್ಪ ಸರಿದು, ಮನೆಯವರ ನಡುವೆ ನನಗೆ ಜಾಗ ಮಾಡಿಕೊಟ್ಟರು.