ಮುಚ್ಚಳದ ಮೇಲಿನ ತುತ್ತು

ಪೀಣ್ಯದ ಒಂದು ಸಣ್ಣ ಕಾರ್ಖಾನೆಗೆ ವಾರಕ್ಕೆರಡು ದಿನ ನಾನು ಆರೋಗ್ಯ ಸಲಹೆಗಾರ್ತಿಯಾಗಿ ಹೋಗುತ್ತೇನೆ. ಮೋಟಾರಿಗೆ ತಾಮ್ರದ ತಂತಿ ಸುತ್ತುವ ಹೆಂಗಸರು ಅಲ್ಲಿ ಹೆಚ್ಚು. ನಾನು ಓದಿದ್ದು ಮನಃಶಾಸ್ತ್ರ. ಜನ ಯಾಕೆ ಅತಿಯಾಗಿ ತಿನ್ನುತ್ತಾರೆ, ಕೆಟ್ಟದ್ದೆಂದು ಗೊತ್ತಿದ್ದೂ ಯಾಕೆ ಬಿಡುವುದಿಲ್ಲ ಎಂದು ಯಾರಾದರೂ ಕೇಳಿದರೆ ಒಂದು ಗಂಟೆ ಉಸಿರು ಬಿಡದೆ ಮಾತಾಡಬಲ್ಲೆ. ಆ ಮಾತಿನ ಸೊಕ್ಕು ನನಗೆ ಚೆನ್ನಾಗಿಯೇ ಇತ್ತು.

ಹೋದ ವರ್ಷ ಗದಗಿನ ಕಡೆಯ ಒಬ್ಬಾಕೆ ನನ್ನ ಬಳಿ ಬಂದಳು. ನಲವತ್ತರ ಆಸುಪಾಸು, ಹಣೆಯ ಮೇಲೆ ಮೂರು ಬೆರಳು ವಿಭೂತಿ. ಡಾಕ್ಟರು ಕೊಟ್ಟ ಮಾತ್ರೆ ತಪ್ಪದೆ ನುಂಗುತ್ತಿದ್ದರೂ ಸಕ್ಕರೆ ಇಳಿದಿರಲಿಲ್ಲ. ಮಧ್ಯಾಹ್ನ ಏನು ಊಟ ಎಂದು ಕೇಳಿದೆ. ಎರಡು ಜೋಳದ ರೊಟ್ಟಿ, ಪಲ್ಯ, ಒಂದಿಷ್ಟು ಹಸಿ ಮೆಂತ್ಯೆ ಸೊಪ್ಪು ಎಂದಳು. ಇದಕ್ಕಿಂತ ಒಳ್ಳೆಯ ಊಟವನ್ನು ನಾನೂ ಬರೆದುಕೊಡಲಾರೆ. ಸುಳ್ಳು ಹೇಳುತ್ತಿದ್ದಾಳೆ ಅನ್ನಿಸಿ, ಊಟದ ಹೊತ್ತಿಗೆ ಹೋಗಿ ನೋಡಿದೆ.

ಸುಳ್ಳಲ್ಲ. ಡಬ್ಬಿಯಲ್ಲಿ ರೊಟ್ಟಿಯೇ ಇತ್ತು. ಆದರೆ ಅದನ್ನು ಅವಳು ತಿನ್ನುತ್ತಿರಲಿಲ್ಲ. ಅಲ್ಲಿ ಏಳು ಜನ ನೆಲದ ಮೇಲೆ ವೃತ್ತವಾಗಿ ಕೂತು, ಡಬ್ಬಿಯ ಮುಚ್ಚಳವನ್ನು ತೆಗೆದು ಅಂಗಾತ ಮಾಡಿ ತಟ್ಟೆಯಂತೆ ಮುಂದಿಡುತ್ತಾರೆ. ಪ್ರತಿಯೊಬ್ಬಳೂ ತನ್ನ ಅಡುಗೆಯನ್ನು ಉಳಿದ ಆರು ಮುಚ್ಚಳಗಳಿಗೆ ಒಂದೊಂದು ತುತ್ತು ಹಾಕಿದ ಮೇಲೆಯೇ ಊಟ ಶುರು. ಅವಳ ರೊಟ್ಟಿ ತುಂಡುತುಂಡಾಗಿ ಆರು ಕಡೆ ಹೋಗುತ್ತಿತ್ತು. ಅವಳ ಮುಚ್ಚಳಕ್ಕೆ ಚಿತ್ರಾನ್ನ, ಪುಳಿಯೋಗರೆ, ಹಬ್ಬದ ಮಾರನೆಯ ದಿನ ಒಬ್ಬಟ್ಟು ಬಂದು ಬೀಳುತ್ತಿತ್ತು. ಕೋಳಿ ತಂದವಳು ಮಾತ್ರ ಅವಳ ಮುಚ್ಚಳವನ್ನು ದಾಟಿ ಮುಂದಕ್ಕೆ ಹೋಗುತ್ತಿದ್ದಳು. ಅದನ್ನು ಯಾರೂ ಕೇಳಿ ತಿಳಿದುಕೊಂಡದ್ದಲ್ಲ, ವಿಭೂತಿ ನೋಡಿಯೇ ಅರ್ಥ ಮಾಡಿಕೊಂಡಿದ್ದರು.

ಸಕ್ಕರೆ ಇಳಿಯದ ಕಾರಣ ಸಿಕ್ಕಿಬಿತ್ತು ಎಂದು ನನಗೆ ಖುಷಿಯೋ ಖುಷಿ. ಅವಳನ್ನು ಕರೆದು, "ನಿಮ್ಮ ಡಬ್ಬಿ ನೀವೇ ತಿನ್ನಿ, ಬೇರೆಯವರದ್ದು ಬೇಡ ಅನ್ನಿ" ಎಂದೆ.

"ಹೆಂಗ ಬ್ಯಾಡ ಅನ್ಲಿ ಮೇಡಮ್ಮಾರ? ಸಕ್ಕರಿ ಕಾಯಿಲಿ ಐತಿ ಅಂತ ಅವ್ರಿಗೆ ಹೇಳ್ಬಿಡ್ಲೇನ್ರಿ?"

"ಬೇಡ. ಅದು ನಿಮ್ಮ ಸ್ವಂತ ವಿಷಯ. ಯಾರಿಗೂ ಕಾರಣ ಕೊಡಬೇಕಾಗಿಲ್ಲ. ಬೇಡ ಅನ್ನೋದನ್ನ ಕಲೀಬೇಕು ನೀವು."

ಈ ಕೊನೆಯ ಮಾತನ್ನು ನಾನು ಎಷ್ಟು ಜನರಿಗೆ ಹೇಳಿದ್ದೇನೋ. ಅಪಾರ್ಟ್‌ಮೆಂಟಿನಲ್ಲಿ, ಆಫೀಸಿನಲ್ಲಿ ಅದು ನಡೆಯುತ್ತದೆ. ಅಲ್ಲಿ ಬೇಡ ಅಂದರೆ ಡಯಟ್ ಅಂದುಕೊಳ್ಳುತ್ತಾರೆ, ಅಷ್ಟೆ.

ಅವಳು ಹೇಳಿದಂತೆಯೇ ಮಾಡಿದಳು. ಮೊದಲ ದಿನ ಮುಚ್ಚಳದ ಮೇಲೆ ಕೈ ಅಡ್ಡ ಹಿಡಿದು "ಬ್ಯಾಡ್ರಿ" ಅಂದಳಂತೆ. ತುಮಕೂರಿನ ಕಡೆಯವಳೊಬ್ಬಳು ಸೌಟನ್ನು ಹಾಗೇ ಗಾಳಿಯಲ್ಲಿ ಹಿಡಿದು, "ಕೋಳಿ ಬ್ಯಾಡ ಅಂದ್ರೆ ಸರಿ ಕಣಕ್ಕ. ಅನ್ನಾನೂ ಬ್ಯಾಡ್ವಾ? ಇಷ್ಟ್ ದಿನ ಇಲ್ದಿದ್ ಮೈಲಿಗೆ ಈಗ ಬಂತಾ ನಮ್ಮನೆ ಪಾತ್ರೆಗೆ?" ಎಂದು ಕೇಳಿದಳಂತೆ. ಕಾರಣ ಹೇಳಬೇಡ ಎಂದಿದ್ದೆನಲ್ಲ, ಅವಳು ಬಾಯಿ ಬಿಡಲಿಲ್ಲ. ನಾನು ದಾವಣಗೆರೆಯ ಕಡೆಯವಳು, ನನ್ನ ಹಣೆಯ ಮೇಲೂ ಅದೇ ವಿಭೂತಿ. ಅವಳು ನನ್ನ ಕೋಣೆಗೆ ಹೋಗಿ ಬಂದ ಮೇಲೆಯೇ ಹೀಗಾದದ್ದು ಎಂದು ಅವರು ಲೆಕ್ಕ ಹಾಕಿಕೊಂಡರು. ಮರುದಿನದಿಂದ ಯಾರೂ ಅವಳನ್ನು ಊಟಕ್ಕೆ ಕರೆಯಲಿಲ್ಲ.

ಇದೊಂದೂ ಆಗ ನನಗೆ ಗೊತ್ತಿರಲಿಲ್ಲ. ಅವಳು ತಾರಸಿಯ ಮೆಟ್ಟಿಲ ಮೇಲೆ ಡಬ್ಬಿ ಇಟ್ಟುಕೊಂಡು ಒಬ್ಬಳೇ ಕೂತಿದ್ದುದನ್ನು ದೂರದಿಂದ ಕಂಡು, ಪರವಾಗಿಲ್ಲ, ಕಲಿತಳು ಅಂದುಕೊಂಡೆ. ಹತ್ತಿರ ಹೋಗಿ ನೋಡಿದ್ದರೆ ಡಬ್ಬಿ ಮುಚ್ಚಿಯೇ ಇದ್ದದ್ದು ಕಾಣುತ್ತಿತ್ತು. ನಾನು ಹೋಗಲಿಲ್ಲ.

ಮೂರನೆಯ ವಾರ, ಮಧ್ಯಾಹ್ನ ಮೂರರ ಹೊತ್ತಿಗೆ ಅವಳು ಯಂತ್ರದ ಮುಂದೆಯೇ ಕುಸಿದಳು. ಮೇಜಿನ ಅಂಚು ತಗುಲಿ ಹುಬ್ಬಿನ ಮೇಲೆ ಸೀಳಿತ್ತು. ಮೈಯೆಲ್ಲ ಬೆವರು, ಮಾತು ತೊದಲು. ಮಾತ್ರೆ ನುಂಗಿ ಹೊಟ್ಟೆಗೆ ಏನೂ ಹಾಕದಿದ್ದರೆ ಸಕ್ಕರೆ ಪಾತಾಳಕ್ಕೆ ಇಳಿಯುತ್ತದೆ. ಇದನ್ನೂ ನಾನು ಪಾಠ ಹೇಳುತ್ತೇನೆ. ಸಕ್ಕರೆ ನೀರು ಕುಡಿಸಿ, ಚೇತರಿಸಿಕೊಂಡ ಮೇಲೆ ಯಾಕೆ ಊಟ ಮಾಡಲಿಲ್ಲ ಎಂದು ಗದರಿದೆ.

"ಒಬ್ಬಾಕೀನ ಕುಂತ್ರ ತುತ್ತು ಇಳಿಯೂದಿಲ್ರಿ," ಅಂದಳು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಸುತ್ತ ಅವಳ ಗುಂಪಿನವರೆಲ್ಲ ನಿಂತಿದ್ದರು. ಅವಳ ಒಪ್ಪಿಗೆ ಕೇಳಿಕೊಂಡು ನಾನೇ ಕಾಯಿಲೆಯ ವಿಷಯ ಹೇಳಿದೆ. ತಪ್ಪು ನನ್ನದು, ನಾನೇ ಹೇಳಬೇಡ ಅಂದದ್ದು ಎಂದೆ. ಸೌಟು ಹಿಡಿದಿದ್ದ ಆ ತುಮಕೂರಿನವಳು ಸೆರಗಿನಿಂದ ಅವಳ ಹುಬ್ಬಿನ ರಕ್ತ ಒರೆಸುತ್ತಲೇ ನನ್ನ ಮೇಲೆ ಹಾಯ್ದಳು.

"ಒಂದ್ ಮಾತು ನಮ್ಗೆ ಹೇಳಿದ್ರೆ ಆಯ್ತಿರ್ಲಿಲ್ವಾ ಮೇಡಂ? ನಮ್ಮತ್ತೆಗೂ ಶುಗರ್ರು. ಈ ಅಕ್ಕಂಗೂ ಅನ್ನ ಬಿಟ್ಟು ಪಲ್ಯ ಹಾಕ್ತಿದ್ವಿ. ಅಷ್ಟೂ ಗೊತ್ತಾಗಲ್ವಾ ನಮ್ಗೆ?"

ನಾಚಿಕೆಯಾಯಿತು. ಗುಂಪಿನ ಒತ್ತಡದಿಂದ ಮನುಷ್ಯ ತಿನ್ನಬಾರದ್ದನ್ನು ತಿನ್ನುತ್ತಾನೆ ಎಂದು ಓದಿದ್ದೆ. ಅದೇ ಗುಂಪನ್ನು ಕೇಳಿಕೊಂಡರೆ ಅದು ತಿನ್ನಬೇಕಾದ್ದನ್ನೂ ತಿನ್ನಿಸುತ್ತದೆ ಎಂಬುದು ನನ್ನ ತಲೆಗೆ ಹೋಗಿರಲಿಲ್ಲ.

ಹತ್ತು ದಿನ ರಜೆ ಕಳೆದು ಅವಳು ಕೆಲಸಕ್ಕೆ ಬಂದಳು. ಅವರೇ ಕೈ ಹಿಡಿದು ಕರೆದೊಯ್ದು ವೃತ್ತದಲ್ಲಿ ಕೂರಿಸಿಕೊಂಡರು. ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ಎರಡು ತಿಂಗಳ ನಂತರದ ರಕ್ತಪರೀಕ್ಷೆಯಲ್ಲಿ ಸಕ್ಕರೆ ಹತೋಟಿಗೆ ಬಂದಿತ್ತು. ರಿಪೋರ್ಟು ಕೈಯಲ್ಲಿ ಹಿಡಿದು ನಾನೇ ಅವಳ ಬಳಿ ಹೋದೆ.

"ನೋಡಿ, ಎಷ್ಟು ಚೆನ್ನಾಗಿ ಇಳಿದಿದೆ! ಪಲ್ಯ ಹಾಕ್ತಾರಾ ಎಲ್ಲರೂ?"

ಅವಳು ರಿಪೋರ್ಟನ್ನು ನೋಡಲಿಲ್ಲ.

"ಇಲ್ರಿ. ನಾ ಬಿದ್ದಿದ್ದು ನೋಡಿ ಅಂಜ್ಯಾರ. ಏನರ ಹಾಕಿ ಏನರ ಆದ್ರ ಅಂತ ಯಾರೂ ಏನೂ ಹಾಕೂದಿಲ್ಲ, ನನ್ನ ರೊಟ್ಟೀನೂ ಮುಟ್ಟೂದಿಲ್ಲ. ನಡುವ ಕುಂದ್ರಸ್ಕೋತಾರ, ನನ್ನ ದಾಟಿ ಬಡಸ್ಕೋತಾರ," ಎಂದು ಹೇಳಿ ಯಂತ್ರದ ಕಡೆ ತಿರುಗಿದಳು.