ಬಿಡ್ತು ಅನ್ನದೆ ಉಳಿದ ಮಾತು

ಬೇಗೂರಿನಲ್ಲಿ ನನ್ನ ಬಾಯಿಗೆ ಹೆದರದವರಿಲ್ಲ. ನಮ್ಮ ಅಂಗಡಿಗೆ ಅಡ್ಡವಾಗಿ ಬಸ್ಸು ನಿಲ್ಲಿಸುವ ಡ್ರೈವರಿನಿಂದ ಹಿಡಿದು ಸೊಪ್ಪಿನ ಕಟ್ಟು ಸಣ್ಣದು ಮಾಡಿ ತರುವವಳ ತನಕ ಎಲ್ಲರಿಗೂ ನನ್ನ ಹತ್ತಿರ ಬೈಸಿಕೊಂಡು ಅಭ್ಯಾಸ. ಆದರೆ ಗುಂಡ್ಲುಪೇಟೆ ದಾಟಿ, ಚಾಮರಾಜನಗರದಲ್ಲಿ ಇಳಿದು, ಚಂದಕವಾಡಿ ಕಡೆಯ ಬಸ್ಸು ಹತ್ತಿದೆನೆಂದರೆ ನನ್ನ ನಾಲಿಗೆ ತಾನಾಗಿಯೇ ಮಡಚಿಕೊಳ್ಳುತ್ತದೆ. ಅಲ್ಲೊಂದು ಊರಿಗೆ ಮಗಳನ್ನು ಕೊಟ್ಟಿದ್ದೇವೆ. ಹೆಣ್ಣು ಕೊಟ್ಟವರು ಬೀಗರ ಮನೆಯಲ್ಲಿ ಎರಡೇ ಮಾತು ಆಡಬಹುದು. ಊಟ ಚೆನ್ನಾಗಿತ್ತು ಅನ್ನಬಹುದು, ಇನ್ನು ಹೊರಡುತ್ತೇವೆ ಅನ್ನಬಹುದು. ಮೂರನೆಯ ಮಾತು ಆಡಿದರೆ, ನಾವು ಬಸ್ಸು ಹತ್ತಿದ ಮೇಲೆ ಅದಕ್ಕೆ ಜವಾಬು ಕೊಡಬೇಕಾದವಳು ಮಗಳು.

ಆ ಮೂರನೆಯ ಮಾತನ್ನು ನಾನು ಹೋದ ವರ್ಷ ಆಡಿಬಿಟ್ಟೆ.

ಅವರ ಊರಿನ ಕೆರೆಯನ್ನು ನಾನು ಮೊದಲು ನೋಡಿದ್ದು ಮಗಳ ಮದುವೆ ಮಾತುಕತೆಗೆ ಹೋದಾಗ. ಇದು ಕೆರೆ ಅಂತ ಯಾರಾದರೂ ಹೇಳಿದರೆ ಮಾತ್ರ ಗೊತ್ತಾಗುವಂಥ ಬಯಲು. ಒಂದು ಕಡೆ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಇನ್ನೊಂದು ಕಡೆ, ಒಂಟಿ ಜಾಲಿ ಮರದ ಪಕ್ಕದಲ್ಲಿ, ಜೆಸಿಬಿ ನಿಂತು ಮಣ್ಣು ಎತ್ತಿ ಟ್ರ್ಯಾಕ್ಟರುಗಳಿಗೆ ತುಂಬುತ್ತಿತ್ತು. ಕೆರೆ ಮಣ್ಣು ಹೊಲಕ್ಕೆ ಒಳ್ಳೆಯದು, ಅನುಕೂಲ ಇದ್ದವರು ಹೊಡೆಸಿಕೊಳ್ಳುತ್ತಿದ್ದರು. ಗುಂಡಿ ಎಷ್ಟು ಆಳವಾಗಿತ್ತೆಂದರೆ ಒಳಗೆ ಇಳಿದ ಟ್ರ್ಯಾಕ್ಟರು ಏರಿಯ ಮೇಲೆ ನಿಂತ ನಮಗೆ ಕಾಣುತ್ತಲೇ ಇರಲಿಲ್ಲ, ಸದ್ದು ಮಾತ್ರ ಕೇಳುತ್ತಿತ್ತು. ಮಳೆ ಬಂದು ಇದು ತುಂಬಿದರೆ ಏನು ಗತಿ ಅಂತ ಆಗಲೇ ಕೇಳಬೇಕು ಅನ್ನಿಸಿತ್ತು. ಕೇಳಲಿಲ್ಲ, ನಾವು ಹೋಗಿದ್ದು ಗಂಡು ನೋಡುವುದಕ್ಕೆ.

ಆಮೇಲೆ ನದಿ ನೀರನ್ನು ಪೈಪಿನಲ್ಲಿ ತಂದು ಆ ಕಡೆಯ ಕೆರೆಗಳಿಗೆ ಬಿಟ್ಟರು. ಮಳೆಯೂ ಹಿಡಿಯಿತು. ಹೋದ ವರ್ಷ ಆ ಕೆರೆ ಕೋಡಿ ಬಿತ್ತು. ನಮ್ಮ ಸೀಮೆಯವರಿಗೆ ನೀರು ಇಲ್ಲದೆ ಬದುಕುವುದು ಗೊತ್ತು. ಇಷ್ಟು ನೀರಿನ ಪಕ್ಕದಲ್ಲಿ ಬದುಕುವುದು ಗೊತ್ತಿಲ್ಲ. ಬಾವಿಗೆ ಹಾರಿ ಈಜು ಕಲಿತ ತಲೆಮಾರು ನಮ್ಮ ಬೀಗರ ಕಾಲಕ್ಕೇ ಮುಗಿಯಿತು. ಅಳಿಯ, ಅವನ ಅಣ್ಣ, ಇವರೆಲ್ಲ ಬೋರ್‌ವೆಲ್ ನೀರು ಕುಡಿದು ಬೆಳೆದವರು, ಒಬ್ಬರಿಗೂ ಈಜು ಬರುವುದಿಲ್ಲ.

ಕೆರೆ ತುಂಬಿದ್ದಕ್ಕೆ ಊರಿನ ಹೆಂಗಸರೆಲ್ಲ ಬಾಗಿನ ಬಿಡುವುದು ಅಂತಾಯಿತು. ಬೀಗರು ಫೋನ್ ಮಾಡಿ ನಮ್ಮನ್ನೂ ಕರೆದರು. ಗಂಡ ಅಂಗಡಿ ಬಿಟ್ಟು ಬರುವವರಲ್ಲ, ಹಣ್ಣು ಹೂವು ಕಟ್ಟಿಕೊಂಡು ನಾನೊಬ್ಬಳೇ ಹೋದೆ. ಬೇರೆಯವರೆಲ್ಲ ದಡದಲ್ಲೇ ಪೂಜೆ ಮಾಡಿ ಮೊರ ತೇಲಿಬಿಟ್ಟರು. ನಮ್ಮ ಬೀಗರ ಮನೆಯವರು ಊರಿಗೆ ದೊಡ್ಡ ಕುಳ, ಅವರಿಗೆ ದಡ ಸಾಲದು. ಮೀನಿನ ಕಂಟ್ರಾಕ್ಟುದಾರನ ತೆಪ್ಪ ತರಿಸಿದ್ದರು. ಒಬ್ಬ ಮನುಷ್ಯ ಬಲೆ ಇಟ್ಟುಕೊಂಡು ಕೂರುವಷ್ಟು ಅಗಲದ, ದುಂಡನೆಯ ಫೈಬರ್ ತೆಪ್ಪ. ಅದರಲ್ಲಿ ಬಾಗಿನದ ಮೊರ, ಹುಟ್ಟು ಹಾಕಲು ಅಳಿಯ, ವಿಡಿಯೋ ಮಾಡಲು ಅವನ ಅಣ್ಣ, ಜೊತೆಗೆ ಆ ಅಣ್ಣನ ಇಬ್ಬರು ಗಂಡು ಮಕ್ಕಳು. ನನ್ನ ಮೊಮ್ಮಗಳು ತಾನೂ ಬರುತ್ತೇನೆ ಅಂತ ಅತ್ತಳು. ಐದು ವರ್ಷದ ಕೂಸು. ಮುಂದಿನ ಸುತ್ತಿಗೆ ನೀನು ಅಂತ ಅಳಿಯ ಸಮಾಧಾನ ಮಾಡಿದ.

ನಾನು ಆದಷ್ಟು ಮೆತ್ತಗೆ ಹೇಳಿದೆ. "ಮಕ್ಳು ಬ್ಯಾಡ್ವೇನೋ. ಅಕಸ್ಮಾತ್ ಮಗಚ್ಕಂಡ್ರೆ..."

"ಬುಡ್ತು ಅನ್ನಿ ಬೀಗ್ರೇ," ಅಂದರು ಬೀಗಿತ್ತಿ, ಮಾತು ಮುಗಿಯುವುದಕ್ಕೂ ಬಿಡದೆ. "ಗಂಗಮ್ಮನ್ ಮುಂದೆ ನಿಂತ್ಕಂಡು ಅಂಥ ಮಾತಾ?"

ಸುತ್ತ ಇದ್ದ ಹೆಂಗಸರೆಲ್ಲ ನನ್ನ ಬಾಯಿಯನ್ನೇ ನೋಡಿದರು. ಕೆಟ್ಟ ಮಾತು ಬಾಯಿಂದ ಬಿದ್ದರೆ ಬಿಡ್ತು ಅಂದು ಅದನ್ನು ಕಳೆಯಬೇಕು, ಇದನ್ನು ನಾನೇ ನನ್ನ ಮಗಳಿಗೆ ಕಲಿಸಿದವಳು. ಬಿಡ್ತು ಅಂದೆ. ಎಲ್ಲರ ಮುಖ ಸಡಿಲವಾಯಿತು. ನಾನು ಹೇಳಿದ್ದು ಹೇಳದ ಹಾಗೆಯೇ ಆಯಿತು, ತೆಪ್ಪ ಹೊರಟಿತು.

ಅದು ಸೀದಾ ಹೋಗಲಿಲ್ಲ. ಅಳಿಯ ಹುಟ್ಟು ಹಾಕುವುದನ್ನು ಫೋನಿನಲ್ಲಿ ನೋಡಿ ಕಲಿತವನು, ತೆಪ್ಪ ತಿರುಗಿ ತಿರುಗಿ ತನಗೆ ಬೇಕಾದ ಕಡೆ ಹೋಯಿತು. ನೀರಿನಿಂದ ಆ ಜಾಲಿ ಮರದ ತುದಿ ಮಾತ್ರ ಎದ್ದಿತ್ತು. ಅದನ್ನು ನೋಡಿದ ತಕ್ಷಣ ನನಗೆ ಗುಂಡಿ ಎಲ್ಲಿದೆ ಅನ್ನುವುದು ಗೊತ್ತಾಯಿತು. ಟ್ರ್ಯಾಕ್ಟರು ಮುಳುಗಿ ಹೋಗುವಷ್ಟು ಆಳದ ಅದೇ ಜಾಗಕ್ಕೆ ತೆಪ್ಪ ಸರಿಯುತ್ತಿತ್ತು. ದೊಡ್ಡ ಹುಡುಗ ತೇಲುವ ಮೊರ ನೋಡಲು ಎದ್ದು ನಿಂತ. ತೆಪ್ಪದ ಒಂದು ಅಂಚು ನೀರಿಗೆ ತಾಗಿತು, ಇನ್ನೊಂದು ಅಂಚು ಮೇಲೆದ್ದಿತು. ಹುಡುಗ ಕಿರುಚಿದ, ಅವನ ಅಪ್ಪ ಅಂಗಿ ಹಿಡಿದು ಎಳೆದು ಕೂರಿಸಿದ. ದಡದಲ್ಲಿ ಎಲ್ಲರೂ ನಕ್ಕರು. ನಾನು ಏರಿಯ ಕಲ್ಲಿನ ಮೇಲೆ ಕೂತುಬಿಟ್ಟೆ. ಶಿವಾ, ಆ ಎರಡು ಮಕ್ಕಳನ್ನು ದಡಕ್ಕೆ ತಂದುಬಿಡು ಅಂತ ಬೇಡಿಕೊಂಡೆ. ನನ್ನವಲ್ಲದ ಮಕ್ಕಳಿಗಾಗಿ ಅಷ್ಟು ಬೇಡಿಕೊಂಡಿದ್ದು ಅದೇ ಮೊದಲು.

ತಂದ. ಮಕ್ಕಳು ಇಳಿದು ಕುಣಿದರು. ತೆಪ್ಪದ ತಳದಲ್ಲಿ ನಿಂತ ನೀರನ್ನು ಅಳಿಯ ಪೂಜೆಯ ಚೊಂಬಿನಲ್ಲಿ ಎತ್ತಿ ಚೆಲ್ಲಿದ. ಈಗ ಅಕ್ಕಪಕ್ಕದ ಮನೆಯ ಮಕ್ಕಳೂ ಓಡಿ ಬಂದವು, ಒಂದರ ಮೇಲೊಂದು ಹತ್ತಿ ಕೂತವು. ಯಾರೋ ಒಂದು ಕಾರಿನ ಟ್ಯೂಬು ತಂದು, ಇದು ಸೇಫ್ಟಿಗೆ ಅಂತ ತೆಪ್ಪದೊಳಗೆ ಎಸೆದರು. ಅದರಿಂದ ಕೂರಲು ಇದ್ದ ಜಾಗವೂ ಕಮ್ಮಿಯಾಯಿತು. ಅಳಿಯ ನನ್ನ ಮೊಮ್ಮಗಳನ್ನು ಎತ್ತಿಕೊಳ್ಳಲು ಕೈ ಚಾಚಿದ. ಮಗಳು ಕೂಸಿನ ಕೈ ಬಿಡಲಿಲ್ಲ, ಹಿಡಿದೂ ಹಿಡಿಯಲಿಲ್ಲ. ನನ್ನ ಕಡೆ ನೋಡಿದಳು. ಆ ನೋಟ ಹೇಳು ಅಂದಿತೋ ಹೇಳಬೇಡ ಅಂದಿತೋ ನನಗೆ ಇವತ್ತಿಗೂ ತಿಳಿಯದು.

ಮೆತ್ತಗೆ ಹೇಳಿದರೆ ಏನಾಗುತ್ತದೆ ಅಂತ ಆಗಲೇ ನೋಡಿದ್ದೆ. ಎದ್ದು ನಿಂತೆ.

"ಈ ತೆಪ್ಪ ಮಗಚ್ಕತದೆ," ಅಂದೆ. "ಆ ಜಾಲಿ ಮರದ್ ಪಕ್ಕದಲ್ಲಿ ಗುಂಡಿ ಅದೆ, ಕಣ್ಣಾರ ನೋಡಿವ್ನಿ. ಇದ್ರಲ್ಲಿ ಕೂತ ಮಕ್ಳು ಒಂದೂ ತಿರುಗಿ ಬರಕಿಲ್ಲ."

ಏರಿಯ ಮೇಲಿದ್ದವರೆಲ್ಲ ನನ್ನ ಕಡೆ ತಿರುಗಿದರು.

"ಬುಡ್ತು ಅನ್ನಿ," ಅಂದರು ಬೀಗಿತ್ತಿ. ನಾನು ಅನ್ನಲಿಲ್ಲ. ಇನ್ನೊಂದು ಸಲ ಅಂದರು, ಜೋರಾಗಿ. ಅಳಿಯ ನಗುವ ಹಾಗೆ ಮಾಡಿ, "ಅತ್ತೆ, ಬುಡ್ತು ಅಂದ್ಬುಡಿ, ಓಗ್ಲಿ," ಅಂದ. ಮಗಳು ಅಳುತ್ತಾ, "ಅವ್ವ, ಅನ್ನವ್ವ," ಅಂದಳು. ನಾನು ಹಲ್ಲು ಕಚ್ಚಿಕೊಂಡು ನಿಂತೆ. ಅಷ್ಟು ಹೊತ್ತೂ ಮಾತಾಡದ ಬೀಗರು ಟವೆಲ್ ಕೊಡವಿ ಹೆಗಲ ಮೇಲೆ ಹಾಕಿಕೊಂಡು, "ಮಕ್ಳ ಇಳ್ಸ್ಲಾ," ಅಂದರು ಮಗನಿಗೆ. ಅಕ್ಕಪಕ್ಕದವರು ಆಗಲೇ ತಂತಮ್ಮ ಮಕ್ಕಳ ರಟ್ಟೆ ಹಿಡಿದು ಎಳೆದುಕೊಳ್ಳುತ್ತಿದ್ದರು. ತೂತು ಬಿದ್ದ ತೆಪ್ಪಕ್ಕೆ ಬೇಕಾದರೂ ಹತ್ತಿಸುತ್ತಿದ್ದರೇನೋ, ಬಿಡ್ತು ಅನ್ನದ ಮಾತು ಬಿದ್ದ ತೆಪ್ಪಕ್ಕೆ ಯಾರೂ ಮಗು ಹತ್ತಿಸುವುದಿಲ್ಲ.

ಮನೆಯಲ್ಲಿ ಒಬ್ಬಟ್ಟಿನ ಊಟ. ತುಪ್ಪ ಬಡಿಸಿದರು, ಹಾಲು ಬಡಿಸಿದರು, ಮಾತು ಮಾತ್ರ ಬಡಿಸಲಿಲ್ಲ. ಊಟ ಚೆನ್ನಾಗಿತ್ತು ಅಂದೆ, ಇನ್ನು ಹೊರಡುತ್ತೇನೆ ಅಂದೆ. ಬಸ್ಸಿಗೆ ಬಿಡಲು ಮಗಳು ಬಂದಳು.

"ಕೂಸಿಗೆ ನಾಳೆ ಒಂದು ನೆಗಡಿ ಆದ್ರೂ ನಿನ್ನ್ ಮಾತಿಂದ್ಲೇ ಆಯ್ತು ಅಂತಾರೆ," ಅಂದಳು. "ಇಲ್ಲಿರೋಳು ನಾನು."

"ಕೂಸು ಇದ್ರೆ ತಾನೆ ನೆಗಡಿ," ಅಂದೆ. ಅದಕ್ಕವಳು ಮುಖ ತಿರುಗಿಸಿಕೊಂಡಳು.

ಭಯ ನಿಜವಾಗಿ ಹಿಡಿದಿದ್ದು ಆಮೇಲೆ. ಬಾಯಿ ಮಾತಿನಿಂದ ಏನೂ ಆಗುವುದಿಲ್ಲ ಅಂತ ಹಗಲೆಲ್ಲ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಆದರೂ ಮಗಳ ಫೋನು ಬಂದರೆ ಕೂಸು ಹೇಗಿದೆ ಅಂತಲೇ ಮೊದಲು ಕೇಳುತ್ತಿದ್ದೆ. ಕೂಸು ಅಂಗನವಾಡಿ ಮೆಟ್ಟಿಲಲ್ಲಿ ಬಿದ್ದು ಗದ್ದ ಒಡೆದುಕೊಂಡಿತು. ಮಳೆಗಾಲ ಮುಗಿಯುವ ಹೊತ್ತಿಗೆ ಜ್ವರ ಬಂತು, ಹೋಯಿತು, ಮತ್ತೆ ಬಂತು. ಡಾಕ್ಟರು ಇದು ಎಲ್ಲ ಮಕ್ಕಳಿಗೂ ಬರುವುದೇ ಅಂದರಂತೆ. ಬೀಗರ ಮನೆಯಲ್ಲಿ ಹಾಗನ್ನಲಿಲ್ಲ. "ನೀನೇನು ಋಷಿನಾ, ನಿನ್ನ್ ಶಾಪ ತಟ್ಟಕೆ?" ಅಂತ ನನ್ನ ಗಂಡ ತಮಾಷೆ ಮಾಡಿದರು. ನಗು ಬರಲಿಲ್ಲ. ವಿಭೂತಿ ಇಟ್ಟುಕೊಂಡು ದೇವರ ಮುಂದೆ ಕೂತಾಗ ಬಿಡ್ತು ಅನ್ನುವ ಮಾತು ನಾಲಿಗೆ ತುದಿಗೆ ಬರುತ್ತಿತ್ತು. ನುಂಗಿಕೊಳ್ಳುತ್ತಿದ್ದೆ.

ಯಾಕೆಂದರೆ ಅಳಿಯ ಈಗ ಸ್ವಂತ ತೆಪ್ಪ ತಂದಿದ್ದ. ದನದ ಕೊಟ್ಟಿಗೆಯಲ್ಲಿ ಬೋರಲು ಹಾಕಿದ್ದಾರೆ ಅಂತ ಮಗಳು ಹೇಳಿದ್ದಳು. ನಿಮ್ಮವ್ವ ಬುಡ್ತು ಅಂದ್ರಾ ಅಂತ ಅವನು ಆಗಾಗ ಅವಳನ್ನು ಕೇಳುತ್ತಿದ್ದನಂತೆ. ನಾನು ಮಾತು ವಾಪಸು ತೆಗೆದುಕೊಂಡ ಮರುದಿನವೇ ಕೂಸು ತೆಪ್ಪದಲ್ಲಿರುತ್ತದೆ. ತೆಗೆದುಕೊಳ್ಳದಿದ್ದರೆ, ಕೂಸಿಗೆ ಏನೇ ಆದರೂ ಅದು ನನ್ನ ತಲೆಗೆ, ಅದಕ್ಕಿಂತ ಹೆಚ್ಚಾಗಿ ಮಗಳ ತಲೆಗೆ.

ಈ ವರ್ಷ ಕೆರೆ ಮತ್ತೆ ತುಂಬುತ್ತಾ ಬಂತು. ಕೂಸಿಗೆ ಮತ್ತೆ ಜ್ವರ. ಬೀಗರೇ ಫೋನ್ ಮಾಡಿದರು. ಮನೆದೇವರ ಪೂಜೆ ಇಟ್ಟುಕೊಂಡಿದ್ದೇವೆ, ಬನ್ನಿ, ದೇವರ ಮುಂದೆ ಆ ಮಾತು ಕಳೆದುಬಿಡಿ, ಎಲ್ಲರಿಗೂ ಸಮಾಧಾನ ಅಂದರು. ಮಗಳೂ ಬೇಡಿಕೊಂಡಳು. ನನಗೂ ಸಾಕಾಗಿತ್ತು. ಆಗಲಿ ಅಂದೆ.

ಹೊರಡುವ ಹಿಂದಿನ ದಿನ ಮಧ್ಯಾಹ್ನ ಬೀಗಿತ್ತಿಯ ಫೋನು ಬಂತು. ಅವರಾಗಿ ನನಗೆ ಯಾವತ್ತೂ ಮಾಡಿದವರಲ್ಲ. ಕೂಸಿಗೇ ಏನೋ ಆಗಿದೆ ಅಂದುಕೊಂಡು ತಕ್ಕಡಿ ತಟ್ಟೆ ಕೈಯಿಂದ ಬಿಟ್ಟೆ. ಅವರ ದನಿ ಬಹಳ ಸಣ್ಣಗಿತ್ತು, ಹಿಂದೆ ದನ ಉಸಿರು ಬಿಡುವ ಸದ್ದು ಕೇಳುತ್ತಿತ್ತು.

"ನಾಳೆ ಎಲ್ರೂ ಸೇರ್ಕಂಡು ನಿಮ್ ಕೈಲಿ ಬುಡ್ತು ಅನ್ನುಸ್ತಾರೆ," ಅಂದರು.

"ಗೊತ್ತು ಬೀಗ್ರೇ. ಅಂತೀನಿ ಬುಡಿ."

"ಅನ್ಬ್ಯಾಡಿ."

ಫೋನನ್ನು ಕಿವಿಗೆ ಇನ್ನಷ್ಟು ಒತ್ತಿ ಹಿಡಿದೆ.

"ನಾನೂ ಕೇಳ್ತೀನಿ, ಎಲ್ರಿಗಿಂತ ಜೋರಾಗ್ ಕೇಳ್ತೀನಿ. ಆದ್ರೂ ನೀವು ಅನ್ಬ್ಯಾಡಿ. ನಾ ಹೇಳುದ್ರೆ ಈ ಮನೇಲಿ ಯಾರೂ ಕೇಳಕಿಲ್ಲ. ನಿಮ್ ಮಾತೊಂದೇ ಆ ತೆಪ್ಪನ ಕೊಟ್ಟಿಗೇಲಿ ಕಟ್ಟಾಕಿರದು." ದನಿ ಇನ್ನೂ ತಗ್ಗಿಸಿದರು. "ಆ ಗುಂಡಿ ಎಷ್ಟು ಆಳ ಅಂತ ನಂಗೂ ಗೊತ್ತು ಬೀಗ್ರೇ. ಅಲ್ಲಿ ಮಣ್ಣು ಹೊಡ್ಸಿದ್ದು ನಮ್ಮನೆಯೋರೆ."

ಮಾರನೆಯ ದಿನ ಹೋದೆ. ಮಂಗಳಾರತಿ ಆಯಿತು. ದೇವರ ಮುಂದೆ ಕೂತ ನನ್ನ ಸುತ್ತ ಎಲ್ಲರೂ ನಿಂತರು. ಬೀಗಿತ್ತಿ ಮುಂದೆ ಬಂದು, "ಬುಡ್ತು ಅನ್ನಿ ಬೀಗ್ರೇ, ಮಗೀನ್ ಮಕ ನೋಡಿ ಆದ್ರೂ ಅನ್ನಿ," ಅಂದರು, ಬೀದಿಗೆ ಕೇಳುವಷ್ಟು ಜೋರಾಗಿ. ಕೂಸು ಬಂದು ನನ್ನ ತೊಡೆಯ ಮೇಲೆ ಕೂತಿತು. ಹಣೆ ಮುಟ್ಟಿ ನೋಡಿದೆ, ಇನ್ನೂ ಬೆಚ್ಚಗೇ ಇತ್ತು. ಬಾಯಿ ಮುಚ್ಚಿಕೊಂಡು ಕೂತೇ ಇದ್ದೆ.